ಕೊಡಚಾದ್ರಿಯ ಇಳಿಜಾರು ಪರದೆಯ ಮೇಲೆ: ಮೂರು ತಂತ್ರಾಂಶಗಳ ಹೋಲಿಕೆ

ಶಿವಮೊಗ್ಗದ ಭೂಗೋಳ ಉಪನ್ಯಾಸಕರೊಬ್ಬರು, ಮಲೆನಾಡಿನ ಭೂರೂಪವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಗೂಗಲ್ ಅರ್ಥ್ ಪ್ರೊ, ಕ್ಯೂಜಿಐಎಸ್ ಮತ್ತು ಸಾಗಾ ಎಂಬ ನಕ್ಷೆ ಮತ್ತು ಭೂದತ್ತಾಂಶದ ತಂತ್ರಾಂಶಗಳಲ್ಲಿ ಯಾವುದನ್ನು ಮೊದಲು ಪರಿಚಯಿಸಬೇಕೆಂದು ಕೇಳಿದ್ದಾರೆ. ಮೂರೂ ಉಚಿತವಾಗಿರುವುದರಿಂದ ವೆಚ್ಚದ ಮಾತು ಬೇಡ.

ಕಲಿಕೆಯ ಸುಲಭತೆಯಲ್ಲಿ ಗೂಗಲ್ ಅರ್ಥ್ ಪ್ರೊ ಮುಂದಿದೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲೆ ಒಂದು ಪಥವನ್ನು ಎಳೆದು, ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಎತ್ತರದ ಪಾರ್ಶ್ವನೋಟ ಸಿಗುತ್ತದೆ. ಆದರೆ ನಮ್ಮದೇ ಎತ್ತರದ ದತ್ತಾಂಶದಿಂದ ಇಳಿಜಾರನ್ನು ಲೆಕ್ಕಹಾಕಲು ಅಲ್ಲಿ ಅವಕಾಶವಿಲ್ಲ.

ಕ್ಯೂಜಿಐಎಸ್ ತೆರೆದಾಗ ಸಾಮಾನ್ಯವಾಗಿ ಎಡಗಡೆ ಪದರಗಳ (ಒಂದರ ಮೇಲೊಂದು ಬರುವ ದತ್ತಾಂಶಗಳ) ಫಲಕ ಕಾಣುತ್ತದೆ; ವಿಶ್ಲೇಷಣೆಯ ಉಪಕರಣ ಪೆಟ್ಟಿಗೆಯನ್ನು ಬಲಗಡೆ ತೆರೆದುಕೊಳ್ಳಬಹುದು. ಹೊಸಬರು ಇವುಗಳಿಗಿಂತ ಮೊದಲು ಗಮನಿಸಬೇಕಾದದ್ದು ಕೆಳಗಿನ ಪಟ್ಟಿಯ ಬಲತುದಿಯಲ್ಲಿರುವ ನಿರ್ದೇಶಾಂಕ ವ್ಯವಸ್ಥೆಯ (ಸ್ಥಾನಗಳನ್ನು ಅಳೆಯುವ ಕ್ರಮದ) ಗುಂಡಿ ಎಂಬುದು ನನ್ನ ದೃಢ ಅಭಿಪ್ರಾಯ. ಸುಮಾರು 30 ಮೀಟರ್ ಸೂಕ್ಷ್ಮತೆಯ ಎಸ್‌ಆರ್‌ಟಿಎಂ ಎಂಬ ಬಾಹ್ಯಾಕಾಶ ರಾಡಾರ್‌ನ ಎತ್ತರದ ದತ್ತಾಂಶದಲ್ಲಿ ಸ್ಥಾನವು ಡಿಗ್ರಿಗಳಲ್ಲಿಯೂ ಎತ್ತರವು ಮೀಟರ್‌ಗಳಲ್ಲಿಯೂ ಇರುವುದರಿಂದ, ಹಾಗೆಯೇ ಇಳಿಜಾರು ಲೆಕ್ಕಹಾಕಿದರೆ ಗದ್ದೆಬಯಲೂ ಕಡಿದಾದ ಗೋಡೆಯಂತೆ ಕಾಣುತ್ತದೆ. ಆದ್ದರಿಂದ ಪದರವನ್ನು ಮೊದಲು ಶಿವಮೊಗ್ಗಕ್ಕೆ ಅನ್ವಯಿಸುವ, ಸ್ಥಾನವನ್ನೂ ಮೀಟರ್‌ಗಳಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ ಪರಿವರ್ತಿಸಬೇಕು. ಗುಂಡಿಯಲ್ಲಿ ನಕ್ಷೆಯ ವ್ಯವಸ್ಥೆಯನ್ನು ಬದಲಿಸಿದ ಮಾತ್ರಕ್ಕೆ ದತ್ತಾಂಶ ಬದಲಾಗುವುದಿಲ್ಲ.

ಸಾಗಾದಲ್ಲಿ ಉಪಕರಣ, ದತ್ತಾಂಶ, ನಕ್ಷೆ ಎಂಬ ಮೂರು ವಿಭಾಗಗಳು ಒಂದೇ ಫಲಕದಲ್ಲಿರುತ್ತವೆ. ತೆರೆದ ಕಡತ ತಾನಾಗಿ ನಕ್ಷೆಯಾಗದು. ಅದರ ಮೇಲೆ ಎರಡು ಬಾರಿ ಒತ್ತಬೇಕು, ಫಲಿತಾಂಶವನ್ನು ನಾವೇ ಉಳಿಸಬೇಕು. ನೋಟ ಹಳತೆನಿಸಿದರೂ ಜಲಾನಯನ ವಿಶ್ಲೇಷಣೆಯ ಉಪಕರಣಗಳು ಅಲ್ಲಿ ಹೇರಳವಾಗಿವೆ.

ಒಂದೇ ತರಗತಿಯ ಪ್ರದರ್ಶನಕ್ಕೆ ಗೂಗಲ್ ಅರ್ಥ್ ಪ್ರೊ ಸಾಕು. ವಿದ್ಯಾರ್ಥಿಗಳು ಮುದ್ರಿಸಬಹುದಾದ ನಕ್ಷೆ ತಯಾರಿಸಬೇಕಾದರೆ ಕ್ಯೂಜಿಐಎಸ್ ಕಲಿಸಿರಿ. ಕೂಡ್ಲಿಯಲ್ಲಿ ಸೇರುವ ತುಂಗಾ, ಭದ್ರಾ ನದಿಗಳ ಜಲಾನಯನವನ್ನು ಆಳವಾಗಿ ಅಧ್ಯಯನ ಮಾಡುವ ಸ್ನಾತಕೋತ್ತರ ವಿದ್ಯಾರ್ಥಿಗೆ ಸಾಗಾ ಹೆಚ್ಚು ಒದಗುತ್ತದೆ.