ಅಮೆರಿಕದಲ್ಲಿ ಹೋಲ್ಡ್: ಯಾವ ಕಾರ್ಡ್ ಕೊಡೋದು?

ಅಮೆರಿಕದ ಹೋಟೆಲ್‌ನಲ್ಲಿ ಚೆಕ್‌ಇನ್ ಮಾಡುವಾಗ ರೂಮಿನ ಬಾಡಿಗೆ ಜೊತೆಗೆ ಇನ್ನಷ್ಟು ಮೊತ್ತಕ್ಕೂ ಕಾರ್ಡ್ ಮೇಲೆ ಹೋಲ್ಡ್ ಹಾಕುತ್ತಾರೆ. ಇದು ಪಾವತಿ ಅಲ್ಲ, ಹಣ ತಡೆದಿಡುವುದು ಅಷ್ಟೇ.

ಕ್ರೆಡಿಟ್ ಕಾರ್ಡ್ ಕೊಟ್ಟರೆ ಲಿಮಿಟ್‌ನಲ್ಲಿ ಅಷ್ಟು ಕಡಿಮೆಯಾಗುತ್ತದೆ. ಬಡ್ಡಿ ಬೀಳುವುದಿಲ್ಲ. ಲಿಮಿಟ್ ದೊಡ್ಡದಿದ್ದರೆ ಗೊತ್ತೂ ಆಗುವುದಿಲ್ಲ. ಡೆಬಿಟ್ ಕೊಟ್ಟರೆ ಸಿಕ್ಕಿಕೊಳ್ಳುವುದು ನಿಮ್ಮದೇ ದುಡ್ಡು. ಖಾತೆಯಲ್ಲಿ ಇರುತ್ತದೆ, ಮುಟ್ಟಲು ಆಗುವುದಿಲ್ಲ. ಅದೇ ವಾರ ನೀವು ಕೊಟ್ಟ ಚೆಕ್ ಬ್ಯಾಂಕಿಗೆ ಬಂದರೆ ಬೌನ್ಸ್ ಆಗಬಹುದು, ಮೇಲೆ ದಂಡ ಬೇರೆ.

ಪೆಟ್ರೋಲ್ ಪಂಪ್‌ನಲ್ಲಿ ಇನ್ನೂ ವಿಚಿತ್ರ. ಕಾರ್ಡ್ ಹಾಕುವಾಗ ನೀವು ಎಷ್ಟು ತುಂಬಿಸುತ್ತೀರಿ ಅಂತ ಅವರಿಗೆ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೇ ಮೊದಲೇ ಜಾಸ್ತಿ ಮೊತ್ತ ಹಿಡಿಯುತ್ತಾರೆ. 2022ರಲ್ಲಿ ಕಾರ್ಡ್ ಕಂಪನಿಗಳಾದ ವೀಸಾ, ಮಾಸ್ಟರ್‌ಕಾರ್ಡ್ ಹೀಗೆ ಹಿಡಿಯಬಹುದಾದ ಮೊತ್ತದ ಮಿತಿಯನ್ನು 125ರಿಂದ 175 ಡಾಲರ್‌ಗೆ ಏರಿಸಿದವು. 30 ಡಾಲರ್ ಪೆಟ್ರೋಲ್‌ಗೆ 175 ಹಿಡಿದರೆ, ಖಾತೆಯಲ್ಲಿ 200 ಇರುವ ವಿದ್ಯಾರ್ಥಿ ಊಟಕ್ಕೆ ಏನು ಮಾಡಬೇಕು? ಬಿಡುಗಡೆ ಕೆಲವೊಮ್ಮೆ ಗಂಟೆಗಳಲ್ಲಿ ಆಗುತ್ತದೆ, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ.

ನನ್ನ ಮಟ್ಟಿಗೆ ಹೋಟೆಲ್‌ಗೂ ಪಂಪ್‌ಗೂ ಕ್ರೆಡಿಟ್ಟೇ ಸರಿ. ಡೆಬಿಟ್ ಬಿಟ್ಟರೆ ಬೇರೆ ಇಲ್ಲ ಅಂದರೆ ಪಂಪ್‌ನಲ್ಲಿ ಕಾರ್ಡ್ ಹಾಕಬೇಡಿ. ಒಳಗೆ ಕ್ಯಾಷಿಯರ್ ಹತ್ತಿರ ಹೋಗಿ, '30 ಡಾಲರ್‌ಗೆ' ಅಂತ ಹೇಳಿ ಮೊದಲೇ ಕೊಟ್ಟುಬಿಡಿ. ಹೋಟೆಲ್ ಬಿಡುವಾಗ ಹೋಲ್ಡ್ ಇರುವ ಕಾರ್ಡ್‌ನಲ್ಲೇ ಬಿಲ್ ಕಟ್ಟಿ. ಬೇರೆ ಕಾರ್ಡ್ ಕೊಟ್ಟರೆ ಹಳೆಯ ಹೋಲ್ಡ್ ಸುಮ್ನೆ ಇನ್ನಷ್ಟು ದಿನ ಕೂತಿರಬಹುದು. ಕಾರು ಬಾಡಿಗೆಗಂತೂ ಡೆಬಿಟ್ ಕಾರ್ಡ್ ಒಪ್ಪದ ಕಡೆಗಳೂ ಇವೆ, ಮೊದಲೇ ಕೇಳಿಕೊಳ್ಳಿ.