ಕರಿ ಡಬ್ಬ ಮೊದಲು, ಟೀವಿ ಆಮೇಲೆ: ಹೋಮ್ ಥಿಯೇಟರ್ ಜೊತೆ ಮೂರು ವರ್ಷ

ನಮ್ಮನೆಯಲ್ಲಿ ಸಂಜೆ ಟೀವಿ ಹಾಕುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ರಿಸೀವರ್, ಅಂದರೆ ಟೀವಿಯ ದನಿಯನ್ನು ಸ್ಪೀಕರುಗಳಿಗೆ ಹಂಚುವ ಕರಿ ಡಬ್ಬ. ಅದರೊಳಗಿನ ರಿಲೇ 'ಟಕ್' ಎನ್ನುವವರೆಗೆ ಕಾಯಬೇಕು. ಆಮೇಲೆ ಟೀವಿ, ಕೊನೆಗೆ ಸೆಟ್‌ಟಾಪ್ ಬಾಕ್ಸ್. ಮೊನ್ನೆ ಮೊನ್ನೆಯವರೆಗೂ ಕ್ರಮ ತಪ್ಪಿದರೆ ಚಿತ್ರ ಬರುತ್ತಿತ್ತು, ದನಿ ಇರುತ್ತಿರಲಿಲ್ಲ. 72 ವರ್ಷದ ಅಮ್ಮನಿಗೂ ಇದು ಬಾಯಿಪಾಠ: "ಕರಿ ಡಬ್ಬ ಮೊದಲು, ಟೀವಿ ಆಮೇಲೆ." ಎಲ್ಲ ಸರಿಯಾಗಿ ಮಾಡಿದರೂ ಕೆಲವು ದಿನ ಸದ್ದಿರುತ್ತಿರಲಿಲ್ಲ. ಆಗ ಆಫೀಸಿಗೆ ಫೋನು: "ಲೋ, ಇವತ್ತೂ ಬಾಯಿ ಬಿಡ್ತಿಲ್ಲ ಕಣೋ."

ಕಂಪನಿ ಹೆಸರು ಬೇಡ. ರಿಸೀವರ್, ಐದು ಸ್ಪೀಕರ್, ಗುಡುಗುಡು ಬೇಸಿಗೆಂದೇ ಒಂದು ಸಬ್‌ವೂಫರ್ ಇರುವ 5.1 ಸೆಟ್, ವಾಟ್ಸು ಗೀಟ್ಸು ಎಲ್ಲ ನೀವೇ ನೋಡಿರುತ್ತೀರಿ. ವೈರು, ಸ್ಟ್ಯಾಂಡು ಸೇರಿ 42,000 ರೂಪಾಯಿ ಆಯಿತು. ನನ್ನ ಮಟ್ಟಿಗೆ ಅದು ದೊಡ್ಡ ಮೊತ್ತ, ಹಾಗಾಗಿ ಸಿಟ್ಟೂ ದೊಡ್ಡದೇ.

ಸಿಟ್ಟೆಲ್ಲ ಎಆರ್‌ಸಿ (ಆಡಿಯೋ ರಿಟರ್ನ್ ಚಾನೆಲ್) ಮೇಲೆ. ಚಿತ್ರ, ದನಿ ಎರಡನ್ನೂ ಒಂದೇ ಕೇಬಲಿನಲ್ಲಿ ಒಯ್ಯುವ ಎಚ್‌ಡಿಎಮ್‌ಐನ 1.4 ಆವೃತ್ತಿಯ ಜೊತೆ 2009ರಲ್ಲಿ ಬಂದ ಸೌಲಭ್ಯ ಇದು. ರಿಸೀವರಿನಿಂದ ಟೀವಿಗೆ ಚಿತ್ರ ಹೋಗುವ ಅದೇ ಕೇಬಲಿನಲ್ಲಿ ಟೀವಿಯ ದನಿ ವಾಪಸ್ ಬರುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಅದಕ್ಕೂ ಮೊದಲು ಎರಡೂ ಡಬ್ಬಗಳು ಸಿಇಸಿ ಎಂಬ ಇನ್ನೊಂದು ಏರ್ಪಾಟಿನಲ್ಲಿ ಪರಸ್ಪರ ಗುರುತು ಹಿಡಿಯಬೇಕು. ಟೀವಿ ಒಂದು ಕಂಪನಿಯದು, ರಿಸೀವರ್ ಇನ್ನೊಂದರದು. ನಮ್ಮಲ್ಲಿ ಇವೆರಡೂ ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಥರ. ಕರೆಂಟು ಹೋಗಿ ಬಂದ ದಿನವಂತೂ ಗ್ಯಾರಂಟಿ ಮುನಿಸು. ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು, ನೂರು ಎಣಿಸಿ, ಮತ್ತೆ ಚುಚ್ಚಿದರೆ ಮಾತು ಶುರು. ಸರ್ವೀಸ್ ಹುಡುಗ ಎರಡು ಸಲ ಬಂದು "ಟೀವಿ ಪ್ರಾಬ್ಲಮ್ ಸಾರ್" ಅಂದ. ಟೀವಿಯವನು ಬಂದು "ರಿಸೀವರ್‌ದು ಸಾರ್" ಅಂದ. ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದೆ.

ಒಂದು ಹಂತದಲ್ಲಿ ಮಾರಿಬಿಡೋಣ ಅಂತಲೇ ಫೋಟೋ ತೆಗೆದಿಟ್ಟೆ. ಮಾರದೇ ಉಳಿಸಿದ್ದು ನಡುವಿನ ಸ್ಪೀಕರ್.

ನಾನು ಈ ಸೆಟ್ ತಂದದ್ದು ಗುಡುಗುಡು ಸದ್ದಿಗೆ. ಸುಳ್ಳು ಯಾಕೆ ಹೇಳಲಿ. ಸಬ್‌ವೂಫರನ್ನು ಸೋಫಾ ಮೇಲೆ ನಾನು ಕೂರುವ ಜಾಗದಲ್ಲಿ ಇಟ್ಟು, ಹಾಡು ಹಾಕಿ, ಗೋಡೆಯಂಚಲ್ಲಿ ಅಂಬೆಗಾಲಿಟ್ಟು ಎಲ್ಲಿ ಬೇಸ್ ಹದವಾಗಿದೆ ಅಂತ ಹುಡುಕಿದೆ. ಕೇಳಿ ಇಷ್ಟವಾದ ಕಡೆ ಆಮೇಲೆ ಅದನ್ನು ಇಟ್ಟರಾಯಿತು. ಹೊಸಬರು ಖಂಡಿತ ಮಾಡಿ ನೋಡಿ. 80 ಹರ್ಟ್ಸ್ ದನಿಯ ಒಂದು ಅಲೆಯೇ ನಾಲ್ಕು ಮೀಟರಿಗಿಂತ ಉದ್ದ, ಅಂದರೆ ನಮ್ಮನೆ ಹಾಲ್‌ನಷ್ಟು. ಗೋಡೆಗೆ ಬಡಿದು ವಾಪಸ್ಸಾಗಿ ಒಂದು ಮೂಲೆಯಲ್ಲಿ ರಾಶಿ ಬೀಳುತ್ತದೆ, ಇನ್ನೊಂದು ಕಡೆ ಮಾಯ. ಅಮ್ಮ ಅಡುಗೆಮನೆಯಿಂದ ಇಣುಕಿ "ಏನೋ ಕಳ್ಕೊಂಡ್ಯಾ?" ಅಂದಳು. ಕೊನೆಗೆ ಸಬ್‌ವೂಫರ್ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿತು.

ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಟೀವಿಯದೇ ಸ್ಪೀಕರಿನಲ್ಲಿ ಎಷ್ಟು ಜೋರು ಮಾಡಿದರೂ "ಸದ್ದು ಕೇಳುತ್ತೆ, ಮಾತು ತಿಳಿಯಲ್ಲ" ಅನ್ನುತ್ತಿದ್ದಳು. ಸಿನಿಮಾದ 5.1 ದನಿಯಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೇ ಬರುತ್ತದೆ. ಧಾರಾವಾಹಿ ನಮ್ಮ ಬಾಕ್ಸಿನಲ್ಲಿ ಸ್ಟೀರಿಯೊ, ಆದರೂ ರಿಸೀವರಿನ ಸರೌಂಡ್ ಮೋಡ್ ಹಾಕಿದರೆ ಎಡಬಲ ಎರಡರಲ್ಲೂ ಸಮನಾಗಿರುವ ಮಾತನ್ನು ನಡುವಿಗೆ ತರುತ್ತದೆ. ಆ ಒಂದು ಸ್ಪೀಕರನ್ನು ಮಾತ್ರ 3 ಡೆಸಿಬಲ್ ಏರಿಸಿದೆ, ಮುಖ ಸೋಫಾ ಕಡೆಗೆ ತುಸು ಎತ್ತಿದೆ. ಕೆಂಪು ಕಾವಿ ನೆಲದ ಹಾಲ್, ಚಪ್ಪಾಳೆ ತಟ್ಟಿದರೆ ಗುಂಯ್ ಅನ್ನುತ್ತಿತ್ತು. ಟೀವಿ ಮುಂದೆ ದಪ್ಪ ಜಮಖಾನ ಹಾಸಿದೆ. ಆ ರಾತ್ರಿ ಧಾರಾವಾಹಿಯಲ್ಲಿ ಯಾರೋ ಪಿಸುಗುಟ್ಟಿದರು. ಅಮ್ಮ ತಟ್ಟನೆ "ಅಯ್ಯೋ, ಅವಳಿಗೆ ಗೊತ್ತಾಗೋಯ್ತು!" ಅಂದಳು. ಪಿಸುಮಾತು ಅವಳಿಗೆ ಕೇಳಿಸಿತ್ತು! ವಾಲ್ಯೂಮ್ ಮೊದಲಿಗಿಂತ ಕಡಿಮೆಯೇ ಇತ್ತು. ಹಿಂದಿನ ಎರಡು ಸ್ಪೀಕರ್ ತಿಂಗಳಿಗೆ ಎರಡು ಸಲ ಕೆಲಸ ಮಾಡಿದರೆ ಹೆಚ್ಚು. ಒಂದರ ಮೇಲೆ ಈಗ ಮನಿಪ್ಲಾಂಟ್ ಇದೆ.

ಎಆರ್‌ಸಿ ರಗಳೆ ಕಡೆಗೆ ತೀರಿದ್ದು ದನಿಯನ್ನು ಬೆಳಕಿನ ರೂಪದಲ್ಲಿ ಒಯ್ಯುವ 350 ರೂಪಾಯಿಯ ಆಪ್ಟಿಕಲ್ ಕೇಬಲಿನಿಂದ. ನಾಚಿಕೆಯಾಗುತ್ತದೆ, ಮೂರು ತಿಂಗಳ ಹಿಂದಷ್ಟೇ ಹೊಳೆದದ್ದು. ಟೀವಿಯ ಹಿಂದೆ ಆ ಕಿಂಡಿ ಮೊದಲಿಂದಲೂ ಇತ್ತು. ಡಾಲ್ಬಿ ಡಿಜಿಟಲ್ 5.1 ಆರಾಮಾಗಿ ಹಾಯುತ್ತದೆ. ಟೀವಿ ಸೆಟ್ಟಿಂಗಿನಲ್ಲಿ ಪಿಸಿಎಂ ಬಿಟ್ಟು ಬಿಟ್‌ಸ್ಟ್ರೀಮ್ ಆರಿಸಬೇಕು, ಇಲ್ಲದಿದ್ದರೆ ಬರೀ ಸ್ಟೀರಿಯೊ. ಇದರಲ್ಲಿ ಗುರುತು ಹಿಡಿಯುವ ಗೋಜಿಲ್ಲ, ಬೆಳಕು ಬಂದರೆ ದನಿ ಬಂತು. ಹೊಸ ಟೀವಿ, ಹೊಸ ರಿಸೀವರ್ ಎರಡರಲ್ಲೂ ಎಆರ್‌ಸಿಯ ಸುಧಾರಿತ ರೂಪವಾದ ಇಎಆರ್‌ಸಿ ಇದ್ದರೆ ಅದನ್ನೇ ಮೊದಲು ನೋಡಿ, ನನ್ನದು ಹಳೇ ಟೀವಿ.

ನಷ್ಟ ಒಂದೇ. ಟೀವಿ ರಿಮೋಟಿನಲ್ಲಿ ಈಗ ದನಿ ಏರಿಳಿಯುವುದಿಲ್ಲ, ರಿಸೀವರಿನದು ಬೇರೆ ಬೇಕು, ಅದರಲ್ಲಿ ಐವತ್ತು ಬಟನ್. ಅಮ್ಮ ವಾಲ್ಯೂಮ್ ಬಟನ್ನಿಗೆ ತನ್ನದೊಂದು ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡಿದ್ದಾಳೆ.

ಐದಕ್ಕೆ ಮೂರೂವರೆ. ಈಗ ಯಾವುದನ್ನು ಮೊದಲು ಹಾಕಿದರೂ ನಡೆಯುತ್ತದೆ ಅಂತ ಹತ್ತು ಸಲ ಹೇಳಿದ್ದೇನೆ. ಅಮ್ಮ ಕೇಳುವುದಿಲ್ಲ. ಕರಿ ಡಬ್ಬ ಒತ್ತಿ, 'ಟಕ್' ಅನ್ನುವವರೆಗೆ ನಿಂತಿದ್ದು, ಆಮೇಲೇ ಟೀವಿ.