ಬ್ಲೋ-ಆಫ್ ವಾಲ್ವ್‌ಗೆ ಮೆದು ಸ್ಪ್ರಿಂಗಾ, ಗಟ್ಟಿ ಸ್ಪ್ರಿಂಗಾ?

ಟರ್ಬೊ ಕಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ಎತ್ತಿದಾಗ ಉಳಿದ ಒತ್ತಡದ ಗಾಳಿಗೆ ದಾರಿ ಬಿಡುವುದು ಬ್ಲೋ-ಆಫ್ ವಾಲ್ವ್; ಅದನ್ನು ಮುಚ್ಚಿಡುವುದು ಸ್ಪ್ರಿಂಗ್. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಎಷ್ಟಿದೆ ಅಂತ ನೋಡಿ ಸ್ಪ್ರಿಂಗ್ ಆರಿಸಬೇಡಿ. ಬೂಸ್ಟ್ ಇರುವಾಗ ವಾಲ್ವ್ ಒಳಗಿನ ಪಿಸ್ಟನ್‌ನ ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಸಮ ಇರುತ್ತದೆ. ಮುಖ್ಯವಾದದ್ದು ಐಡಲ್ ವ್ಯಾಕ್ಯೂಮ್, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ ಇಂಟೇಕ್‌ನಲ್ಲಿ ಆಗುವ ಸೆಳೆತ; ಸ್ಪ್ರಿಂಗ್‌ಗೆ ಎದುರಾಗಿ ವಾಲ್ವನ್ನು ತೆರೆಯಲು ಎಳೆಯುವುದು ಅದೇ. ಇಂಜಿನ್ ಬಿಸಿಯಾದ ಮೇಲೆ ವ್ಯಾಕ್ಯೂಮ್ ಗೇಜ್ ನೋಡಿ: 20 ಇಂಚು (ಪಾದರಸದ ಅಳತೆ) ಅಂದರೆ ಸುಮಾರು 10 ಪಿಎಸ್‌ಐ.

ಮೆದು ಸ್ಪ್ರಿಂಗ್ ಹಾಕಿದರೆ ಕಾಲು ಸ್ವಲ್ಪ ಎತ್ತಿದರೂ ವಾಲ್ವ್ ತಕ್ಷಣ ತೆರೆಯುತ್ತದೆ. ಟರ್ಬೊಗೆ ಅದೇ ಹಿತ. ಆದರೆ ತೀರಾ ಮೆದುವಾದರೆ ಐಡಲ್‌ನಲ್ಲೂ ಬಾಯಿ ಬಿಡುತ್ತದೆ. ವಾಲ್ವ್ ಗಾಳಿಯನ್ನು ಹೊರಗೆ ಬಿಡುವ ಬಗೆಯದಾಗಿದ್ದು, ಕಾರಿನಲ್ಲಿ ಇಂಜಿನ್‌ಗೆ ಹೋಗುವ ಗಾಳಿ ಅಳೆಯುವ ಮಾಫ್ ಸೆನ್ಸರ್ ಇದ್ದರೆ ಅಳತೆಗೆ ಸಿಗದ ಗಾಳಿ ಒಳಗೆ ಬಂದು ಐಡಲ್ ಏರುಪೇರಾಗಬಹುದು.

ಗಟ್ಟಿಯದು ಐಡಲ್‌ನಲ್ಲಿ ಬಿಗಿಯಾಗಿ ಮುಚ್ಚಿರುತ್ತದೆ. ಆದರೆ ಥ್ರಾಟಲ್ ಬಿಟ್ಟಾಗ ತಡವಾಗಿ ತೆರೆದರೆ ಗಾಳಿ ಟರ್ಬೊದ ಕಂಪ್ರೆಸರ್‌ಗೆ ವಾಪಸ್ ನುಗ್ಗಿ 'ಫಡಫಡ' ಸದ್ದು ಬರುತ್ತದೆ. ಆ ಸದ್ದು ಚೆಂದ ಅಂತ ಸುಮ್ನೆ ಬಿಡಬೇಡಿ.

ಕಂಪನಿಯಿಂದಲೇ ಬಂದ ಸ್ಟಾಕ್ ಕ್ಯಾಮ್ (ಇಂಜಿನ್ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಇದ್ದು ವ್ಯಾಕ್ಯೂಮ್ ಜಾಸ್ತಿ ಇದ್ದರೆ ಗಟ್ಟಿಯದು ಸರಿ. ದೊಡ್ಡ ಕ್ಯಾಮ್ ಹಾಕಿಸಿ ವ್ಯಾಕ್ಯೂಮ್ ಇಳಿದಿದ್ದರೆ ಮೆದುವೇ ಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ವಾ? ಮಂಗಳೂರಿಗಿಂತ ಇಲ್ಲಿ ಗೇಜ್ ಸುಮಾರು 3 ಇಂಚು ಕಡಿಮೆ ತೋರಿಸುತ್ತದೆ. ಹಾಗಾಗಿ ನೀವು ಓಡಿಸುವ ಊರಿನಲ್ಲೇ ಅಳೆಯಿರಿ.